ಸಾಲಕ್ಕೆ ಅಂಕ ಕೊಡುವ ಮಹನೀಯರಿಗೊಂದು ಕೃತಜ್ಞತಾ ಪತ್ರ

ಮೂಡೀಸ್, ಎಸ್ ಆ್ಯಂಡ್ ಪಿ, ಫಿಚ್ ಸಂಸ್ಥೆಗಳ ಮಾನ್ಯ ಮಹನೀಯರೇ,

ಕೋವಿಡ್ ಕಾಲದ ಸೇವೆಗಾಗಿ ವೈದ್ಯರಿಗೂ ದಾದಿಯರಿಗೂ ಲೋಕವೆಲ್ಲ ಚಪ್ಪಾಳೆ ತಟ್ಟಿತು. ನಿಮ್ಮ ಸೇವೆಯನ್ನು ಮಾತ್ರ ಯಾರೂ ನೆನೆಯಲಿಲ್ಲ. ಆ ಲೋಪ ತುಂಬಲು ಈ ಪತ್ರ. 2020ರ ಮೇ ತಿಂಗಳಿನಿಂದ ಜಿ-20 ರಾಷ್ಟ್ರಗಳು 73 ಬಡ ದೇಶಗಳಿಗೆ ಒಂದು ಸವಲತ್ತು ಕೊಟ್ಟವು. ಬೇರೆ ಸರ್ಕಾರಗಳಿಗೆ ಕಟ್ಟಬೇಕಾದ ಕಂತನ್ನು ಮುಂದೂಡಿ, ಆ ಹಣವನ್ನು ಆಸ್ಪತ್ರೆಗೂ ಅನ್ನಕ್ಕೂ ಬಳಸಬಹುದಿತ್ತು. ಸಾಲಮನ್ನಾ ಅಲ್ಲ, ಬರೀ ವಾಯಿದೆ. ಅದರಲ್ಲೂ ಅಪಾಯದ ವಾಸನೆ ಹಿಡಿದ ಮೂಗು ನಿಮ್ಮದು! ಇಥಿಯೋಪಿಯ, ಪಾಕಿಸ್ತಾನ, ಕ್ಯಾಮರೂನ್ ವಾಯಿದೆ ಕೇಳಿದ್ದೇ ತಡ, ಇವುಗಳ ದರ್ಜೆ ಇಳಿಸಬೇಕೇ ಎಂದು ಮೂಡೀಸ್ ಪರಿಶೀಲನೆಗೆ ಕೂತಿತು. ಪಾಕಿಸ್ತಾನ, ಕ್ಯಾಮರೂನ್‌ಗಳ ದರ್ಜೆ ಆಗ ಇಳಿಯಲಿಲ್ಲ ನಿಜ, ಆದರೆ ಗದರಿಕೆ ಮುಟ್ಟಬೇಕಾದವರಿಗೆ ಮುಟ್ಟಿತು. ಮಾರುಕಟ್ಟೆ ಮುನಿದೀತೆಂಬ ಅಳುಕಿನಲ್ಲಿ ಕೀನ್ಯಾ ಮೊದಲಿಗೆ ಸವಲತ್ತೇ ಬೇಡವೆಂದಿತು. ಕೊನೆಗೂ ಮುಂದೆ ಬಂದದ್ದು 48 ದೇಶಗಳಷ್ಟೇ. ದುರ್ಭಿಕ್ಷದಲ್ಲಿ ಅಧಿಕಮಾಸ ಬಂದರೆ ಪಂಚಾಂಗವನ್ನು ಬೈಯಬಹುದು. ಇಲ್ಲಿ ಪಂಚಾಂಗ ಬರೆದವರೇ ನೀವು.

'ನಾವು ಹೇಳುವುದು ಅಭಿಪ್ರಾಯ ಮಾತ್ರ' ಎನ್ನುತ್ತೀರಿ. ಎಷ್ಟು ವಿನಯ! ಎಷ್ಟೋ ಪಿಂಚಣಿ ನಿಧಿಗಳು ಇಂತಿಷ್ಟು ದರ್ಜೆಗಿಂತ ಕೆಳಗಿನ ಬಾಂಡ್ ಕೊಳ್ಳಬಾರದೆಂಬ ನಿಯಮಕ್ಕೆ ಕಟ್ಟುಬಿದ್ದಿವೆ. ಹಾಗಿರುವಾಗ ನಿಮ್ಮ ಅಭಿಪ್ರಾಯವೇ ಆಜ್ಞೆಯಾಗುತ್ತದೆ, ಬಡ ದೇಶದ ಬಡ್ಡಿ ಏರುತ್ತದೆ. ಆ ಅಭಿಪ್ರಾಯದ ತೂಕವೂ ಗೊತ್ತಿರುವುದೇ: 2006ರಲ್ಲಿ ಮೂಡೀಸ್ ಅತ್ಯುನ್ನತ ದರ್ಜೆ ಕೊಟ್ಟ ಅಮೆರಿಕದ ಗೃಹಸಾಲ ಪತ್ರಗಳಲ್ಲಿ ಶೇ 83ರಷ್ಟು ಆಮೇಲೆ ಕೆಳಗಿಳಿದವು. ಕೋವಿಡ್ ಪರಿಹಾರಕ್ಕೆಂದು ಅಮೆರಿಕ 2020ರ ಮಾರ್ಚಿನ ಒಂದೇ ಕಾಯ್ದೆಯಲ್ಲಿ ಸುಮಾರು 2.2 ಲಕ್ಷ ಕೋಟಿ ಡಾಲರ್ ತೆಗೆದಿರಿಸಿದಾಗ, ಆ ವರ್ಷ ಅದರ ದರ್ಜೆಯನ್ನು ನಿಮ್ಮಲ್ಲಿ ಯಾರೂ ಇಳಿಸಲಿಲ್ಲ. ಸಾಲಕ್ಕಿಂತ ಸಾಲಗಾರನ ಗತ್ತು ದೊಡ್ಡದು.

'ಅವರೇ ವಿವೇಚನೆಯಿಲ್ಲದೆ ಸಾಲ ಮಾಡಿಕೊಂಡರು' ಎಂಬ ಮಾತಿನಲ್ಲಿ ಹುರುಳಿದೆ. ಜಾಂಬಿಯ 2012ರಿಂದ 2015ರೊಳಗೆ 300 ಕೋಟಿ ಡಾಲರ್ ಬಾಂಡ್ ಮಾರಿತ್ತು, ಕೋವಿಡ್‌ಗೂ ಮುಂಚೆಯೇ ಏದುಸಿರು ಬಿಡುತ್ತಿತ್ತು. ಆದರೆ ಅದರ 2014ರ ಬಾಂಡ್ ಕೊಂಡವರು ಶೇ 8.5ರ ಬಡ್ಡಿ ಪಡೆದದ್ದು ಯಾತಕ್ಕೆ? ಅಪಾಯವಿದೆ ಎಂದೇ ಅಲ್ಲವೇ? 2020ರಲ್ಲಿ ಅಪಾಯ ಎದುರಾಗಿ ಜಾಂಬಿಯ ಆರು ತಿಂಗಳ ವಾಯಿದೆ ಕೇಳಿದಾಗ ಅವರು ಒಪ್ಪಲಿಲ್ಲ. ನವೆಂಬರಿನಲ್ಲಿ 4.25 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ದೇಶ ಸುಸ್ತಿದಾರನಾಯಿತು. ಆ ಬಾಂಡ್‌ಗಳ ಮರುಹೊಂದಾಣಿಕೆ ಮುಗಿದದ್ದು 2024ರಲ್ಲಿ. ಅಪಾಯದ ಬೆಲೆಯನ್ನು ವರ್ಷವರ್ಷವೂ ಎಣಿಸಿಕೊಂಡವರು ಅಪಾಯವನ್ನು ಮಾತ್ರ ಸಾಲಗಾರನ ತಲೆಗೇ ಕಟ್ಟಿದರು. ಇಥಿಯೋಪಿಯ 2021ರಲ್ಲಿ ಜಿ-20ರ ಹೊಸ ಚೌಕಟ್ಟಿನಡಿ ಸಾಲ ಹೊಂದಾಣಿಕೆಗೆ ಹೊರಟಾಗ ಫಿಚ್ ಅದರ ದರ್ಜೆಯನ್ನು ಇಳಿಸಿಯೇಬಿಟ್ಟಿತು. ಹೂಡಿಕೆದಾರರನ್ನು ಎಚ್ಚರಿಸುವುದು ನಿಮ್ಮ ಧರ್ಮ, ಒಪ್ಪೋಣ. ಆದರೆ ಸಂಕಟ ಹೇಳಿಕೊಂಡವರಿಗೆ ದಂಡ ಬೀಳುವುದಾದರೆ ಎಲ್ಲರೂ ಮುಚ್ಚಿಟ್ಟುಕೊಂಡು ಕೊನೆಗೆ ಒಮ್ಮೆಲೇ ಕುಸಿಯುತ್ತಾರೆ. ಅದರಿಂದ ಹೂಡಿಕೆದಾರನಿಗೂ ನಷ್ಟವೇ.

ಆದ್ದರಿಂದ ಮುಂದಿನ ಮಹಾಮಾರಿಗೆ ಮುಂಚೆ ಎರಡು ಬಿನ್ನಹ. ಲೋಕವೇ ಒಪ್ಪಿಕೊಟ್ಟ ವಾಯಿದೆಯನ್ನು ಸಾಲಗಾರನ ತಪ್ಪೆಂದು ಬರೆದುಕೊಳ್ಳಬೇಡಿ. ಮತ್ತೆ, ಅಂಕ ಕೊಡುವ ಉತ್ಸಾಹ ತಡೆಯಲಾಗದಿದ್ದರೆ, ಹೆಣ ಬೀಳುತ್ತಿರುವಾಗಲೂ ವಾಯಿದೆ ಕೊಡದೆ ಬಡ್ಡಿ ಕೇಳಿದವರಿಗೂ ಒಂದು ದರ್ಜೆ ಕೊಡಿ.

ಇತಿ,
ನಿಮ್ಮಿಂದ ಇನ್ನೂ ದರ್ಜೆ ಪಡೆಯದ ಒಬ್ಬ ಓದುಗ