ಮೇ, ಮೈಟ್ ಮೇಷ್ಟ್ರು

ಆಂಧ್ರದ ಗಡಿಯ ರಾಯದುರ್ಗದ ಕಡೆಯಾಗಲಿ ಮಡಕಶಿರಾದ ಕಡೆಯಾಗಲಿ, ಕನ್ನಡ ಮಾಧ್ಯಮದ ಶಾಲೆಗೆ ಹೋದರೆ ಈ ಇಂಗ್ಲಿಷ್ ಮೇಷ್ಟ್ರು ಸಿಕ್ಕೇ ಸಿಗುತ್ತಾರೆ. ಕಂಕುಳಲ್ಲಿ ರಟ್ಟು ಕಿತ್ತುಹೋದ ರೆನ್ ಅಂಡ್ ಮಾರ್ಟಿನ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಇಂಗ್ಲಿಷು ಏನಿದ್ದರೂ ಇನ್ನೊಬ್ಬರ ತಪ್ಪು ತಿದ್ದಲಿಕ್ಕೆ.

ಅದರಲ್ಲೂ ಕ್ಯಾನ್, ಕುಡ್, ಮೇ, ಮೈಟ್, ಶಲ್, ವಿಲ್ಲುಗಳೆಂದರೆ ಪ್ರಾಣ. ಮಕ್ಕಳು 'ಮೇಗೌಟ್ಸಾ' ಎಂದು ಒಂದೇ ಉಸಿರಿಗೆ ಕೇಳಿ ಓಡುವುದು ರೂಢಿ. ಯಾವನಾದರೂ ಬಾಯಿತಪ್ಪಿ 'ಕ್ಯಾನ್' ಅಂದನೋ, ಕೆಟ್ಟ. "ನಿಲ್ಲೋ! ಕ್ಯಾನ್ ಅಂದ್ರೆ ಕಾಲಾಗೆ ಶಕ್ತಿ ಐತಾ ಅಂತ. ಮೇ ಅಂದ್ರೆ ಅಪ್ಪಣೆ. ಕುಡ್ ಅಂದ್ರೆ ಇನ್ನೂ ವಿನಯ..." ವಿನಯ ಮುಗಿಯುವಷ್ಟರಲ್ಲಿ ಹುಡುಗ ಬೇಲಿ ಮರೆ ಸೇರಿರುತ್ತಾನೆ.

ಊರವರ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ. ರಾಯದುರ್ಗದ ಜೀನ್ಸ್ ಹೊಲಿಯುವವನು "ಸೋಮವಾರ ಪಕ್ಕಾ ಸಾರ್" ಅಂದರೆ, ಉಗ್ಗಾಣಿ ಮೆಲ್ಲುತ್ತಾ ಪಕ್ಕದವರಿಗೆ, "ಕೇಳಾಕೆ ವಿಲ್ಲು, ಒಳಗೆ ಮೈಟು" ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದರೆ, ಹುಡುಗಿಯ ಅಪ್ಪನಿಗೆ ಬೇರೆ ಗಂಡು ಹುಡುಕಲು ಅಲ್ಲೇ ಹೇಳಿಬಿಡುತ್ತಾರೆ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ ಇದು; ಮಳೆಯ ಮಾತಿಗೆ ಮೇ ಹಚ್ಚಿದವನನ್ನೂ ಬಿಡರು. "ಮೈಟ್ ಅನ್ರೀ. ಬೇಕಾದ್ರೆ ಶೇಂಗಾ ಹಾಕಿದೋರನ್ನ ಕೇಳ್ರಿ."

ನಗುವವರು ನಗಲಿ, ಒಂದು ವಿಷಯದಲ್ಲಿ ಮೇಷ್ಟ್ರ ಮುಂದೆ ವಕೀಲರೂ ಬಾಯಿ ಬಿಡುವಂತಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿ, ಅಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಬಂತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡುವ ವಿಧಿ. ಮೇಷ್ಟ್ರು ಅದರ ಇಂಗ್ಲಿಷ್ ಪಾಠವನ್ನು ಬಾಯಿಪಾಠ ಮಾಡಿದ್ದಾರೆ. "ರಾಜ್ಯಕ್ಕೆ ಶಲ್ ಹಾಕ್ಯಾರೆ, ಒಪ್ಪಿದೆ. ಯಾವುದಕ್ಕೆ ಹಾಕ್ಯಾರೆ ನೋಡ್ರಿ. ಅನುಕೂಲ ಮಾಡೋದಕ್ಕಲ್ಲ, ಮಾಡೋ ಪ್ರಯತ್ನಕ್ಕೆ! ರಾಷ್ಟ್ರಪತಿಗಳು ನಿರ್ದೇಶನ ಕೊಡೋ ಜಾಗದಾಗೆ ಬರೀ ಮೇ. ನಮ್ಮ ಸ್ಕೂಲು ನಿಂತಿರೋದು ಈ ಎರಡರ ಸಂದಿನಾಗೆ." ಕೋರ್ಟುಗಳು ಕೆಲವು ಸಲ ಮೇ ಎಂಬುದನ್ನೇ ಶಲ್ ಎಂದು ಓದುತ್ತವೆ ಅಂದರೆ ಮಾತ್ರ ಕೆಂಡವಾಗುತ್ತಾರೆ. "ಹಂಗಾದ್ರೆ ನಾನ್ಯಾಕೆ ಹುಡುಗರ ಮಾರ್ಕ್ಸ್ ಕಟ್ ಮಾಡ್ಲಿ?"

ಇಂಥ ಮೇಷ್ಟ್ರೊಬ್ಬರ ಮನೆ ರಾಯದುರ್ಗದಲ್ಲಿ, ಕೆಲಸ ಮಡಕಶಿರಾದಲ್ಲಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಗಿ, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಇನ್ನು ತಡೆಯಲಾರೆನೆಂದು ವರ್ಗಾವಣೆಗೆ ಅರ್ಜಿ ಬರೆಯಲು ಕೂತರು. 'ಶುಡ್' ಹಾಕಿದರೆ ದರ್ಪವಾಯಿತು, 'ಮೇ' ಹಾಕಿದರೆ ಸಾಹೇಬರಿಗೆ ಆರಾಮವಾಯಿತು. ಹಾಳೆ ಹರಿದದ್ದೇ ಹರಿದದ್ದು. ಕೊನೆಗೆ 'ಮೇ' ಗೆದ್ದಿತು. ಗುಮಾಸ್ತ ಅದನ್ನು ಓದುವ ಗೋಜಿಗೂ ಹೋಗದೆ ಫೈಲಿಗೆ ಸೇರಿಸಿ, "ಚೂಸ್ತಾಂ ಸಾರ್" ಅಂದ. ನೋಡ್ತೀವಿ ಅಂದರೆ ಕೊಡ್ತೀವೋ, ಕೊಡಬಹುದೋ, ಸುಮ್ಮನೆ ಹೋಗು ಅಂತಲೋ? ಮೇಷ್ಟ್ರು ಬಸ್ಸಿನಲ್ಲಿ ರೆನ್ ಅಂಡ್ ಮಾರ್ಟಿನ್ ತೆಗೆದು ನೋಡಿದರಂತೆ.

ಮರುದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. "ಸಾ, ನಮ್ ಕನ್ನಡ ಪುಸ್ತಕ ಯಾವಾಗ ಬರ್ತವೆ?"

"ಚೂಸ್ತಾಂ ಕಣಮ್ಮ, ಕೂತ್ಕೋ" ಅಂದರು.