ಕಿಸೆಯ ಸಂಗೀತದ ವಿವಾಹ

1979ರಲ್ಲಿ ಸೋನಿಯ ವಾಕ್‌ಮನ್, 2001ರಲ್ಲಿ ಆಪಲ್‌ನ ಐಪಾಡ್ ಅವತರಿಸಿ, ಅನ್ಯರಿಗೆ ಉಪದ್ರವವಿಲ್ಲದೆ ಸಂಗೀತವನ್ನು ಏಕಾಂತದಲ್ಲಿ ಆಸ್ವಾದಿಸುವ ಸೌಲಭ್ಯವನ್ನು ಮನುಷ್ಯಕೋಟಿಗೆ ದಯಪಾಲಿಸಿದರೂ, ನೆರೆಮನೆಗೆ ಕೇಳಿಸದ ಸಂಗೀತ ಸಂಗೀತವೇ ಅಲ್ಲವೆಂಬ ನಮ್ಮವರ ಶ್ರದ್ಧೆ ಕಿಂಚಿತ್ತೂ ಸಡಿಲವಾಗದ ಕಾರಣ, ಆ ಅಂಗೈಯಗಲದ ಯಂತ್ರಕ್ಕೂ ಗೋಡೆಬದಿಯ ಆಂಪ್ಲಿಫೈಯರಿಗೂ ಗಂಟುಹಾಕುವ ಪೌರೋಹಿತ್ಯವು ಮನೆಮನೆಯಲ್ಲಿಯೂ ಆರಂಭವಾಯಿತು.

ಮಾಂಗಲ್ಯಸೂತ್ರವೇನೋ ಅಗ್ಗದ್ದೇ: ಒಂದು ತುದಿಗೆ 3.5 ಮಿಲಿಮೀಟರಿನ ಪಿನ್ನು, ಇನ್ನೊಂದಕ್ಕೆ ಆರ್‌ಸಿಎ ಪಿನ್ನುಗಳ ಜೋಡಿ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಆದರೆ ಆಂಪ್ಲಿಫೈಯರಿನ ಬೆನ್ನಿನಲ್ಲಿರುವ ರಂಧ್ರಸಮೂಹದಲ್ಲಿ ‘ಫೋನೋ’ ಎಂಬುದು ಗ್ರಾಮಫೋನ್ ತಟ್ಟೆಗೆ ಮೀಸಲಾದುದು. ಮುಳ್ಳಿನಿಂದ ಬರುವ ಅತಿಕ್ಷೀಣ ಸಂಕೇತವನ್ನು ಬಹುಪಟ್ಟು ಹಿಗ್ಗಿಸಿ, ಮಂದ್ರಸ್ವರಗಳನ್ನು ವಿಶೇಷವಾಗಿ ಉಬ್ಬಿಸುವ ಆ ದ್ವಾರಕ್ಕೆ ಐಪಾಡನ್ನು ಸಿಕ್ಕಿಸಿದ ಮಹನೀಯರು ಕೊಳಲಿನ ಕಚೇರಿಯಲ್ಲಿ ಗುಡುಗನ್ನು ಕೇಳಿ ವಿದ್ವಾಂಸರನ್ನೇ ಶಂಕಿಸುವುದುಂಟು. ‘ಆಕ್ಸ್’ ಎಂಬ ದ್ವಾರವೇ ಯುಕ್ತವಾದುದು.

ಐಪಾಡಿನ ಧ್ವನಿಯನ್ನು ತೀರ ತಗ್ಗಿಸಿ ಆಂಪ್ಲಿಫೈಯರನ್ನು ಪರಮಾವಧಿಗೆ ಏರಿಸಿದರೆ ಗಾಯನಕ್ಕಿಂತ ಬುಸುಗುಟ್ಟುವಿಕೆಯೇ ಪ್ರಧಾನವಾಗುವುದರಿಂದ, ಮೊದಲಿನದನ್ನು ಮುಕ್ಕಾಲು ಪಾಲಿನಲ್ಲಿಟ್ಟು ಉಳಿದುದನ್ನು ಎರಡನೆಯದರಲ್ಲಿ ಹೊಂದಿಸುವುದು ಕ್ರಮ. ಚಾರ್ಜರನ್ನೂ ಚುಚ್ಚಿದ್ದರೆ ಒಮ್ಮೊಮ್ಮೆ ವಿದ್ಯುನ್ಮಾರ್ಗದ ಗುಂಯ್‌ಗಾನವೂ ಒಳನುಗ್ಗುತ್ತದೆ. ಅದನ್ನು ತಂಬೂರಿಯ ಶ್ರುತಿಯೆಂದು ಭ್ರಮಿಸಿ ತಲೆದೂಗುವ ರಸಿಕರಿಗೆ ನನ್ನ ನಮಸ್ಕಾರ. ಉಳಿದವರು ಚಾರ್ಜರನ್ನು ಕಿತ್ತರೆ ಸಾಕು.

ವಾಚಕರಲ್ಲಿ ವಿಜ್ಞಾಪನೆಯೊಂದೇ: ಪಿನ್ನು ಸಿಕ್ಕಿಸುವ ಮುನ್ನ ಆಂಪ್ಲಿಫೈಯರಿನ ಧ್ವನಿಯನ್ನು ಸೊನ್ನೆಗಿಳಿಸಿರಿ, ಇಲ್ಲವಾದರೆ ‘ಢಮ್’ ಎಂಬ ಆಘಾತಕ್ಕೆ ಸ್ಪೀಕರಿನ ಎದೆ ಒಡೆದೀತು.