ಗೋ-ಉದರಭಿತ್ತಿ ಮೀಮಾಂಸೆ, ಅಥವಾ ಹನ್ನೆರಡು ಪ್ಯಾಕಿನ ಗೌರಿ

ಪೂರ್ವಪಕ್ಷ: ಮೊಟ್ಟೆಯ ಬಿಳಿಯನ್ನಷ್ಟೇ ತಿಂದು, ಜಿಮ್ಮಿನ ಕನ್ನಡಿಯೆದುರು ಅಂಗಿ ಎತ್ತಿ ನಿಲ್ಲುವ ಮನುಷ್ಯನ ಹೊಟ್ಟೆಯೇ ಜೀವಲೋಕದಲ್ಲಿ ಶ್ರೇಷ್ಠ. ಏಕೆಂದರೆ ಅದಕ್ಕೆ ಆರು ಪ್ಯಾಕು.

ಖಂಡನೆ: ಈ ವಾದ ನಿಲ್ಲದು. ಎದೆಗೂಡಿನಿಂದ ಕೆಳಸೊಂಟದ ಮೂಳೆಯವರೆಗೆ, ನಡುಗೆರೆಯ ಎರಡೂ ಬದಿಗೆ, ಉದ್ದಕ್ಕೆ ಒಂದೊಂದು ನೇರ ಸ್ನಾಯು ಹಾದಿದೆ. ಅದನ್ನು ಅಡ್ಡಗೆರೆಗಳು ಬಿಗಿದ ಕಡೆ ತಗ್ಗು, ನಡುವೆ ಉಬ್ಬು. ಆ ಉಬ್ಬೇ ಪ್ಯಾಕು. ಮನುಷ್ಯನಿಗೆ ಸಾಮಾನ್ಯವಾಗಿ 3 ಗೆರೆ. ನ್ಯಾಯವಾಗಿ 8 ಉಬ್ಬು ಬರಬೇಕು, ಕೆಳಗಿನ ಜೋಡಿ ಕೈಕೊಡುವುದರಿಂದ ಆರಕ್ಕೇ ತೃಪ್ತಿ. ಹಸುವಿಗೆ 5 ಗೆರೆ: ಬದಿಗೆ ಆರರಂತೆ ಒಟ್ಟು 12. ಎಂದಮೇಲೆ ನಮ್ಮ ಕೊಟ್ಟಿಗೆಯ ಗೌರಿ ಒಂದು ದಿನವೂ ಡಂಬಲ್ಸ್ ಮುಟ್ಟದೆ ಟ್ವೆಲ್ವ್ ಪ್ಯಾಕ್. ಕುದುರೆಗೆ 9ರಿಂದ 11 ಗೆರೆ. ಆ ಲೆಕ್ಕವನ್ನು ಜಿಮ್ ಮಾಲೀಕರ ಮನಶ್ಶಾಂತಿಗಾಗಿ ಇಲ್ಲಿ ಬಿಟ್ಟಿದೆ.

ಆಕ್ಷೇಪ: ಇದ್ದರೆ ಕಾಣುವುದಿಲ್ಲವೇಕೆ?

ಸಮಾಧಾನ: ಗೌರಿಗೆ ತೋರಿಸಿಕೊಳ್ಳುವ ಚಟವಿಲ್ಲ. ತೊಗಲಿನಡಿ ಹಳದಿ ಹೊದಿಕೆಯೊಂದನ್ನು ಹೊದ್ದಿದ್ದಾಳೆ. ರಬ್ಬರಿನಂತೆ ಹಿಗ್ಗಿ ಕುಗ್ಗುವ ನಾರಿನದು. 100 ಲೀಟರಿಗೂ ಮಿಕ್ಕಿ ಹಿಡಿಯುವ ಅವಳ ಮೊದಲ ಹೊಟ್ಟೆ ಹಗಲಿರುಳು ಜಗ್ಗುವಾಗ, ಸ್ನಾಯುಗಳು ಸೋಲದಂತೆ ಹೆಗಲು ಕೊಡುವುದು ಇದೇ.

ಪಕ್ಕೆಯ ಪ್ರಕರಣ: ಇಲ್ಲಿ ಮೂರು ಪದರ. ಹೊರಗಿನದರ ಎಳೆಗಳು ಪಕ್ಕೆಲುಬಿನಿಂದ ಹಿಂದಕ್ಕೆ ಇಳಿಯುತ್ತವೆ, ನಡುವಿನವು ಸೊಂಟದ ಮೂಳೆಯಿಂದ ಮುಂದಕ್ಕೆ, ಒಳಗಿನವು ನೆಟ್ಟಗೆ ಕೆಳಕ್ಕೆ. ಪಾಲಾದ ಅಣ್ಣತಮ್ಮಂದಿರಂತೆ ಮೂವರದೂ ಮೂರು ದಿಕ್ಕು. ಹೊಟ್ಟೆಯಡಿಯ ಬಿಳಿಗೆರೆಯಲ್ಲಿ ಮಾತ್ರ ಒಂದಾಗುತ್ತಾರೆ. ಹಸು ನುಂಗಿದ ಪ್ಲಾಸ್ಟಿಕ್ ತೆಗೆಯಲು ಎಡಪಕ್ಕೆ ಕೊಯ್ಯುವ ಪಶುವೈದ್ಯರು ಮೂವರನ್ನೂ ಇದೇ ಸರದಿಯಲ್ಲಿ ದಾಟಬೇಕು.

ಪ್ರತ್ಯಕ್ಷ ಪ್ರಮಾಣ: ಇಷ್ಟು ಬರೆದು, ಉಬ್ಬುಗಳನ್ನು ಎಣಿಸಿಯೇ ತೀರುವೆನೆಂದು ಗೌರಿಯ ಹೊಟ್ಟೆಯಡಿ ಟಾರ್ಚ್ ಹಿಡಿದು ಕೂತಿದ್ದೆ. ಹಾಲು ಕರೆಯಲು ಚೊಂಬು ಹಿಡಿದು ಅಜ್ಜಿ ಬಂದಳು. ಗೌರಿಯ ಎಡಗಡೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಅಂಗೈ ಇಟ್ಟಳು. ಅದು ಬಟ್ಟಲಿಗೆ ಇಳಿದಂತೆ ಒಳಗೆ ಕೂತಿತು.

"ಎಣಿಸೋದು ಆಮೇಲಿರ್ಲಿ ಮಗಾ. ಗುಳಿ ಬಿದ್ದೈತೆ. ಬೆಳಿಗ್ಗೆ ಹುಲ್ಲು ಹಾಕಿದ್ಯಾ?"

ಸಿದ್ಧಾಂತ: ಹಾಕಿರಲಿಲ್ಲ.